ಆ್ಯಪ್ ಅಂಗಡಿಯ ಬಾಗಿಲು ಒಬ್ಬರ ಕೈಯಲ್ಲಿದ್ದರೆ ಅದು ಏಕಸ್ವಾಮ್ಯವೇ?

ಪ್ರಶ್ನೆ: ಶಿರಸಿಯ ನಾವು ಮೂವರು ಸೇರಿ ತಾಳಮದ್ದಲೆ ಮತ್ತು ಬಡಗುತಿಟ್ಟಿನ ಯಕ್ಷಗಾನ ಪದಗಳನ್ನು ಕೇಳಿಸುವ ಆ್ಯಪ್ ಮಾಡಿದ್ದೇವೆ. ಕಲಾವಿದರ ಒಪ್ಪಿಗೆ ಇದೆ, ಅವರಿಗೆ ಪಾಲೂ ಇದೆ. ತಿಂಗಳ ಚಂದಾ 99 ರೂಪಾಯಿ. ಆ್ಯಪ್ ಒಳಗೆ ನಮ್ಮದೇ ಯುಪಿಐ ಕ್ಯೂಆರ್ ಕೋಡ್ ಹಾಕಿದ್ದಕ್ಕೆ ಆ್ಯಪ್ ಅಂಗಡಿಯವರು ಹೊಸ ಆವೃತ್ತಿಯನ್ನು ತಿರಸ್ಕರಿಸಿದರು. ಅವರ ಬಿಲ್ಲಿಂಗ್ ಮೂಲಕವೇ ಹೋಗಬೇಕಂತೆ, ಅದಕ್ಕೆ ನೂರಕ್ಕೆ 15 ಕೊಡಬೇಕಂತೆ. ಕಾರವಾರದಲ್ಲಿ ಮನೆಮನೆಗೆ ಮೀನು ಮುಟ್ಟಿಸುವ ಆ್ಯಪ್ ನಡೆಸುವ ನಮ್ಮ ಸ್ನೇಹಿತನಿಗೆ ಮಾತ್ರ ಒಂದು ಪೈಸೆ ಕಮಿಷನ್ ಇಲ್ಲ. ಇದು ಏಕಸ್ವಾಮ್ಯ ಅಲ್ಲವೇ? ದೂರು ಕೊಟ್ಟರೆ ಪ್ರಯೋಜನವಿದೆಯೇ?

ಉತ್ತರ: ಮೀನಿನಿಂದಲೇ ಶುರು ಮಾಡೋಣ. ಗೂಗಲ್‌ನ ಪ್ಲೇ ಸ್ಟೋರ್ ಇರಲಿ, ಆ್ಯಪಲ್‌ನ ಆ್ಯಪ್ ಸ್ಟೋರ್ ಇರಲಿ, ಈ ವಿಷಯದಲ್ಲಿ ನಿಯಮ ಒಂದೇ. ಫೋನಿನ ಹೊರಗೆ ಕೈಗೆ ಸಿಗುವ ವಸ್ತು ಅಥವಾ ಸೇವೆಗೆ, ಅಂದರೆ ಬಂಗುಡೆಗೆ, ಬಸ್ ಟಿಕೆಟಿಗೆ, ಲಾಡ್ಜಿನ ಕೋಣೆಗೆ ಅಂಗಡಿಯ ಬಿಲ್ಲಿಂಗ್ ಬೇಕಿಲ್ಲ, ಕಮಿಷನ್ನೂ ಇಲ್ಲ. ಫೋನಿನ ಒಳಗೇ ಕೇಳಿ, ನೋಡಿ, ಆಡಿ ಮುಗಿಸುವ ಸರಕಿಗೆ ಬಿಲ್ಲಿಂಗ್ ಅವರದೇ, ಕಮಿಷನ್ನೂ ಅವರದೇ. ನಿಮ್ಮ ಸ್ನೇಹಿತನ ಆ್ಯಪನ್ನೂ ಅದೇ ಸರ್ವರ್ ಹಂಚುತ್ತದೆ, ಅದೇ ಪರಿಶೀಲನೆ ನಡೆಯುತ್ತದೆ. ಅಂಗಡಿಗೆ ತಗಲುವ ಖರ್ಚು ಇಬ್ಬರದೂ ಹೆಚ್ಚುಕಡಿಮೆ ಒಂದೇ. ಹಾಗಿದ್ದೂ ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ 15. ಅಂದರೆ ಈ ಕಮಿಷನ್ ಅಂಗಡಿ ಮಾಡುವ ಕೆಲಸದ ಕೂಲಿಯಲ್ಲ, ದಾರಿ ತನ್ನ ಕೈಯಲ್ಲಿರುವುದರಿಂದ ಎಲ್ಲಿ ವಸೂಲಾಗುತ್ತದೋ ಅಲ್ಲಿ ವಸೂಲು ಮಾಡುವ ಹಣ. ನಾನು ಈ ವಿಷಯವನ್ನು ನೋಡುವುದು ಹೀಗೆ. ಕಾನೂನು ಎಲ್ಲಿಯವರೆಗೆ ಹಾಗೇ ನೋಡುತ್ತದೆ ಎಂಬುದು ಬೇರೆ ಪ್ರಶ್ನೆ.

ಏಕಸ್ವಾಮ್ಯ ಎನ್ನುವುದು ಈಗಿನ ಭಾರತೀಯ ಕಾಯ್ದೆಯಲ್ಲಿ ಅಪರಾಧದ ಹೆಸರಲ್ಲ. 1969ರ ಏಕಸ್ವಾಮ್ಯ ನಿರ್ಬಂಧ ಕಾಯ್ದೆ ಹೋಗಿ 2002ರ ಸ್ಪರ್ಧಾ ಕಾಯ್ದೆ ಬಂದಿದೆ. ಅದರ 4ನೇ ಕಲಂ ಜಾರಿಯಾದದ್ದು 2009ರ ಮೇ 20ರಂದು. ದೊಡ್ಡವರಾಗಿರುವುದನ್ನು ಈ ಕಲಂ ತಡೆಯುವುದಿಲ್ಲ, ಪ್ರಬಲ ಸ್ಥಾನದ ದುರುಪಯೋಗವನ್ನು ತಡೆಯುತ್ತದೆ. ಹಾಗಾಗಿ ಮೂರು ಮೆಟ್ಟಿಲು ಹತ್ತಬೇಕು: ಮಾರುಕಟ್ಟೆಯ ಗಡಿ ಎಲ್ಲಿ, ಆ ಗಡಿಯೊಳಗೆ ಇವರು ಪ್ರಬಲರೇ, ಪ್ರಬಲರಾದರೆ ಅದನ್ನು ಅನ್ಯಾಯಕ್ಕೆ ಬಳಸಿದರೇ. ಪ್ರಬಲರೆನ್ನಲು ಇಂತಿಷ್ಟು ಪಾಲು ಇರಬೇಕೆಂಬ ಅಂಕಿ ಕಾಯ್ದೆಯಲ್ಲಿಲ್ಲ. ಪಾಲಿನ ಜೊತೆಗೆ ಹಣಬಲ, ಗ್ರಾಹಕರ ಅವಲಂಬನೆ, ಹೊಸಬರು ಒಳಬರಲು ಇರುವ ಅಡ್ಡಿ ಇವನ್ನೆಲ್ಲ 19ನೇ ಕಲಂ ತೂಗಿನೋಡಲು ಹೇಳುತ್ತದೆ.

ಇಂಥ ಹೆಚ್ಚಿನ ಮೊಕದ್ದಮೆಗಳು ಗೆಲ್ಲುವುದೂ ಸೋಲುವುದೂ ಮೊದಲನೇ ಮೆಟ್ಟಿಲಲ್ಲೇ. ಶಿರಸಿಯವರಾದ ನಿಮಗೆ ಅಡಿಕೆಯಲ್ಲೇ ಹೇಳುತ್ತೇನೆ. ಸೊಸೈಟಿಯ ಅಂಗಳಕ್ಕೆ ಚಾಲಿ ಒಯ್ದು ಟೆಂಡರಿಗೆ ಹಾಕುತ್ತೀರಿ. ನಾಳೆಯಿಂದ ಅಲ್ಲಿ ಖರ್ಚು ನೂರಕ್ಕೆ ಐದೋ ಹತ್ತೋ ಏರಿತು ಎಂದುಕೊಳ್ಳಿ. ನೀವು ಚೀಲ ಹೇರಿಕೊಂಡು ಸಿದ್ದಾಪುರಕ್ಕೋ ಯಲ್ಲಾಪುರಕ್ಕೋ ಕುಮಟೆಗೋ ಹೋಗುತ್ತೀರಾದರೆ ಆ ಊರುಗಳೆಲ್ಲ ಸೇರಿ ಒಂದು ಮಾರುಕಟ್ಟೆ, ಅದರಲ್ಲಿ ಶಿರಸಿ ಒಂದು ಅಂಗಡಿ ಮಾತ್ರ. ಬೈಯುತ್ತಲೇ ಇಲ್ಲೇ ಹಾಕುತ್ತೀರಾದರೆ ಶಿರಸಿ ಅಂಗಳವೇ ಒಂದು ಮಾರುಕಟ್ಟೆ, ಅದರ ಒಡೆಯ ಪ್ರಬಲ. ಸ್ಪರ್ಧಾ ಕಾನೂನಿನವರು ಗಡಿ ಎಳೆಯುವುದು ಇದೇ ಪ್ರಶ್ನೆಯಿಂದ.

ಈಗ ಇದನ್ನು ಫೋನಿಗೆ ಹಚ್ಚಿ. ಪ್ಲೇ ಸ್ಟೋರ್ ಕಮಿಷನ್ ಏರಿಸಿತೆಂದು ನಿಮ್ಮ ಕೇಳುಗರು ಹನ್ನೆರಡು ಸಾವಿರದ ಆಂಡ್ರಾಯ್ಡ್ ಫೋನ್ ಬಿಟ್ಟು ಐಫೋನ್ ಕೊಳ್ಳುತ್ತಾರೆಯೇ? ಇಲ್ಲ. ಏರಿಕೆ ಅವರ ಕಣ್ಣಿಗೇ ಬೀಳುವುದಿಲ್ಲ. ನೀವಾದರೂ ಪ್ಲೇ ಸ್ಟೋರ್ ಬಿಟ್ಟು ಆ್ಯಪಲ್‌ನ ಅಂಗಡಿಗೆ ಮಾತ್ರ ಹೋಗಬಹುದೇ? ದೇಶದ ಸ್ಮಾರ್ಟ್‌ಫೋನ್‌ಗಳಲ್ಲಿ ನೂರಕ್ಕೆ ಸುಮಾರು 95 ಆಂಡ್ರಾಯ್ಡ್. ಹೋದರೆ ಕೇಳುಗರೇ ಉಳಿಯುವುದಿಲ್ಲ. ಆ್ಯಪ್ ಮಾಡುವವರಿಗೆ ಒಂದು ಅಂಗಡಿ ಇನ್ನೊಂದಕ್ಕೆ ಬದಲಿಯಲ್ಲ, ಎರಡೂ ಬೇಕು.

ಭಾರತೀಯ ಸ್ಪರ್ಧಾ ಆಯೋಗವೂ ಹೀಗೇ ಗಡಿ ಎಳೆಯಿತು. 2022ರ ಅಕ್ಟೋಬರ್ 20ರ ಆದೇಶದಲ್ಲಿ ‘ಭಾರತದಲ್ಲಿ ಆಂಡ್ರಾಯ್ಡ್‌ನ ಆ್ಯಪ್ ಅಂಗಡಿಗಳು’ ಎಂಬುದೇ ಪ್ರತ್ಯೇಕ ಮಾರುಕಟ್ಟೆ ಎಂದಿತು. ಐಫೋನಿನ ತಂತ್ರಾಂಶವನ್ನು ಆ್ಯಪಲ್ ಬೇರೆ ಫೋನ್ ಕಂಪನಿಗಳಿಗೆ ಕೊಡುವುದಿಲ್ಲವಾದ್ದರಿಂದ ಅದನ್ನು ಆಂಡ್ರಾಯ್ಡ್‌ನ ಪ್ರತಿಸ್ಪರ್ಧಿಯಾಗಿ ಆಯೋಗ ಲೆಕ್ಕಕ್ಕೆ ಹಿಡಿಯಲಿಲ್ಲ. ಪ್ಲೇ ಸ್ಟೋರ್ ಬೇಕೆಂದರೆ ಗೂಗಲ್‌ನ ಆ್ಯಪ್‌ಗಳ ಕಟ್ಟನ್ನೇ ಫೋನಿನಲ್ಲಿ ತುಂಬಿ ಕೊಡಬೇಕೆಂಬ ಒಪ್ಪಂದ ದುರುಪಯೋಗ ಎಂದು ತೀರ್ಮಾನಿಸಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಐದೇ ದಿನಕ್ಕೆ, ಅಕ್ಟೋಬರ್ 25ರಂದು, ಬಿಲ್ಲಿಂಗ್ ಒತ್ತಾಯಕ್ಕಾಗಿ ಇನ್ನೊಂದು 936.44 ಕೋಟಿ. ನಿಮ್ಮ ಕ್ಯೂಆರ್ ಕೋಡಿಗೆ ನೇರ ಸಂಬಂಧಪಟ್ಟದ್ದು ಈ ಎರಡನೆಯದು.

ಇಷ್ಟು ಓದಿ ಗೆದ್ದೆವು ಎಂದುಕೊಳ್ಳಬೇಡಿ. ಮೊದಲ ಪ್ರಕರಣದಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ 2023ರ ಮಾರ್ಚ್ 29ರಂದು ದಂಡವನ್ನು ಪೂರ್ತಿ ಉಳಿಸಿ, ಆಯೋಗದ ಹತ್ತು ನಿರ್ದೇಶನಗಳಲ್ಲಿ ನಾಲ್ಕನ್ನು ರದ್ದು ಮಾಡಿತು. ಹೋದ ನಾಲ್ಕರಲ್ಲಿ ಎರಡು ಆ್ಯಪ್ ಹಂಚಿಕೆಯ ಬೇರಿಗೇ ಸೇರಿದವು: ಬೇರೆ ಆ್ಯಪ್ ಅಂಗಡಿಗಳೂ ಪ್ಲೇ ಸ್ಟೋರ್ ಮೂಲಕ ಸಿಗಬೇಕು ಎಂಬುದು ಒಂದು, ಅಂಗಡಿಯ ಹೊರಗಿಂದ ಆ್ಯಪ್ ಹಂಚುವುದಕ್ಕೆ ಅಡ್ಡಿ ಮಾಡಬಾರದು ಎಂಬುದು ಇನ್ನೊಂದು. ದಂಡದ ಮೊತ್ತ ಪತ್ರಿಕೆಗಳ ತಲೆಬರಹವಾಯಿತು, ಈ ಎರಡು ಸಾಲುಗಳ ನಷ್ಟ ಹೆಚ್ಚು ಜನರ ಗಮನಕ್ಕೆ ಬರಲೇ ಇಲ್ಲ. ನಿಮ್ಮಂಥವರಿಗೆ ದಂಡಕ್ಕಿಂತ ಅವೇ ಮುಖ್ಯವಾಗಿದ್ದವು. ಬಿಲ್ಲಿಂಗ್ ಪ್ರಕರಣದಲ್ಲಿ ಅದೇ ನ್ಯಾಯಮಂಡಳಿ 2025ರ ಮಾರ್ಚ್ 28ರಂದು ಕೆಲವು ಆರೋಪ ಎತ್ತಿಹಿಡಿದು, ಕೆಲವನ್ನು ತಳ್ಳಿ, ದಂಡವನ್ನು 216.69 ಕೋಟಿಗೆ ಇಳಿಸಿತು. ಆ ಜಗಳ ಸುಪ್ರೀಂ ಕೋರ್ಟಿಗೆ ಹೋಗಿದೆ.

ಆ್ಯಪಲ್ ವಿರುದ್ಧ ರಾಜಸ್ಥಾನದ ಒಂದು ಸಂಸ್ಥೆ ಮಾಹಿತಿ ಸಲ್ಲಿಸಿತ್ತು. ನಮ್ಮ ಪಾಲು ನೂರಕ್ಕೆ ಐದೂ ಇಲ್ಲ, ನಾವು ಪ್ರಬಲರಾಗುವುದು ಹೇಗೆ ಎಂಬುದು ಆ್ಯಪಲ್‌ನ ವಾದ. ಆಯೋಗ 2021ರ ಡಿಸೆಂಬರ್ 31ರಂದು ಆ ವಾದವನ್ನು ಬದಿಗಿಟ್ಟು, ಐಫೋನಿನ ಆ್ಯಪ್ ಅಂಗಡಿಯೇ ಒಂದು ಮಾರುಕಟ್ಟೆ ಎಂದು ಮೇಲ್ನೋಟಕ್ಕೆ ಒಪ್ಪಿ ತನಿಖೆಗೆ ಆದೇಶಿಸಿತು. ಬೇಲಿಯೊಳಗೆ ಒಂದೇ ಬಾಗಿಲಿದ್ದರೆ, ಬೇಲಿಯ ಅಗಲ ಎಷ್ಟೇ ಕಡಿಮೆ ಇರಲಿ, ಒಳಗಿರುವವರಿಗೆ ಆ ಬಾಗಿಲೇ ಗತಿ. ಈ ತರ್ಕ ಸರಿ ಎಂದೇ ನನ್ನ ಅಭಿಪ್ರಾಯ.

ಅಮೆರಿಕದಲ್ಲಿ ಇದೇ ಪ್ರಶ್ನೆಗೆ ಎರಡು ತದ್ವಿರುದ್ಧ ಉತ್ತರ ಬಂದಿವೆ. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ 2020ರ ಆಗಸ್ಟ್ 13ರಂದು ಆ್ಯಪಲ್, ಗೂಗಲ್ ಇಬ್ಬರ ಮೇಲೂ ದಾವೆ ಹೂಡಿತು. ಆ್ಯಪಲ್ ಪ್ರಕರಣದಲ್ಲಿ ನ್ಯಾಯಾಧೀಶೆ ಇವಾನ್ ಗೊಂಜಾಲೆಜ್ ರಾಜರ್ಸ್ 2021ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಯ ಗಡಿಯನ್ನು ‘ಮೊಬೈಲ್ ಆಟಗಳ ವ್ಯವಹಾರ’ ಎಂದು ಎಳೆದರು. ಅದರಲ್ಲಿ ಆ್ಯಪಲ್ ಪಾಲು 52ರಿಂದ 57 ಶೇಕಡಾ ಎಂದು ಕಂಡರೂ, ಮುಂದಿರುವ ಸಾಕ್ಷ್ಯದ ಮೇಲೆ ಏಕಸ್ವಾಮ್ಯ ಎನ್ನಲಾಗದು ಎಂದರು. ಗೂಗಲ್ ಪ್ರಕರಣ ಜ್ಯೂರಿಯ ಮುಂದೆ ಹೋಯಿತು. ಅಲ್ಲಿ ಗಡಿ ‘ಆಂಡ್ರಾಯ್ಡ್ ಆ್ಯಪ್ ಹಂಚಿಕೆ’ ಎಂದಾಯಿತು, 2023ರ ಡಿಸೆಂಬರ್ 11ರಂದು ಜ್ಯೂರಿ ಸರ್ವಾನುಮತದಿಂದ ಅಕ್ರಮ ಏಕಸ್ವಾಮ್ಯ ಎಂದಿತು. ಬಾಗಿಲನ್ನು ಪೂರ್ತಿ ಮುಚ್ಚಿದವರು ಗೆದ್ದರು, ಅರ್ಧ ತೆರೆದಿಟ್ಟವರು ಸೋತರು. ಕಾರಣ ಇದೆ. ಆ್ಯಪಲ್‌ಗೆ ಬೇರೆ ಫೋನ್ ಕಂಪನಿಗಳ ಜೊತೆ ಮಾಡಿಕೊಳ್ಳಬೇಕಾದ ಒಪ್ಪಂದವೇ ಇರಲಿಲ್ಲ. ಗೂಗಲ್ ಆಂಡ್ರಾಯ್ಡನ್ನು ಹಲವರಿಗೆ ಕೊಟ್ಟು, ಪೈಪೋಟಿಯ ಅಂಗಡಿ ಬೆಳೆಯದಂತೆ ಫೋನ್ ಕಂಪನಿಗಳ ಜೊತೆಗೂ ದೊಡ್ಡ ಆಟದ ಕಂಪನಿಗಳ ಜೊತೆಗೂ ಒಪ್ಪಂದ ಮಾಡಿಕೊಂಡಿತ್ತು, ಆ ಕಾಗದಗಳೇ ಸಾಕ್ಷ್ಯವಾದವು. ಆದರೆ ಗೆದ್ದ ಆ್ಯಪಲ್‌ಗೂ ಒಂದು ಅಂಶದಲ್ಲಿ ಸೋಲಾಯಿತು: ಹೊರಗೆ ಅಗ್ಗವಾಗಿ ಸಿಗುತ್ತದೆ ಎಂದು ಗ್ರಾಹಕರಿಗೆ ಹೇಳದಂತೆ ಬಾಯಿ ಕಟ್ಟುವುದು ಕ್ಯಾಲಿಫೋರ್ನಿಯಾದ ಕಾನೂನಿಗೆ ವಿರುದ್ಧ ಎಂದು ಅದೇ ತೀರ್ಪು ಹೇಳಿತು. ಇಡೀ ವಿಷಯದ ಜೀವ ಇರುವುದು ಇಲ್ಲೇ, ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ಯುರೋಪಿಯನ್ ಒಕ್ಕೂಟ ಈ ಗಡಿಯ ಜಗಳವನ್ನೇ ಬಿಟ್ಟು ದೊಡ್ಡವರ ಹೆಸರು ಬರೆದು ನಿಯಮ ಹಾಕಿತು. 2024ರ ಮಾರ್ಚ್ 7ರಿಂದ ಅಲ್ಲಿ ಐಫೋನಿಗೂ ಬೇರೆ ಅಂಗಡಿಗಳಿಗೆ ಜಾಗ ಕೊಡಬೇಕಾಯಿತು. ನಮ್ಮಲ್ಲಿ ಅದೇ ಮಾದರಿಯ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚಿನಲ್ಲಿ ಪ್ರಕಟವಾಯಿತು. ಕರಡನ್ನು ನಂಬಿ ವ್ಯಾಪಾರ ಕಟ್ಟಬೇಡಿ.

‘ಆಂಡ್ರಾಯ್ಡಿನಲ್ಲಿ ಬಾಗಿಲು ತೆರೆದೇ ಇದೆ, ಎಪಿಕೆ ಫೈಲನ್ನು (ಆ್ಯಪನ್ನು ಫೋನಿಗೆ ಹಾಕುವ ಕಡತವನ್ನು) ನಿಮ್ಮ ವೆಬ್‌ಸೈಟಿನಿಂದಲೇ ಕೊಡಿ’ ಎಂದು ಹೇಳುವವರಿದ್ದಾರೆ. ಆ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ಕೇಳುಗ ಬ್ರೌಸರಿನಲ್ಲಿ ಫೈಲ್ ಒತ್ತಿದ ಕೂಡಲೇ ಇದು ಹಾನಿಕರವಾಗಿರಬಹುದು ಎಂಬ ಎಚ್ಚರಿಕೆ. ನಂತರ ಸೆಟ್ಟಿಂಗ್ಸಿಗೆ ಹೋಗಿ ಆ ಬ್ರೌಸರಿಗೆ ಅಪರಿಚಿತ ಆ್ಯಪ್ ಹಾಕುವ ಅನುಮತಿ ಕೊಡಬೇಕು. 2017ರ ಆಂಡ್ರಾಯ್ಡ್ 8ರಿಂದ ಈ ಅನುಮತಿ ಇಡೀ ಫೋನಿಗಲ್ಲ, ಒಂದೊಂದು ಆ್ಯಪಿಗೆ ಪ್ರತ್ಯೇಕ. ಅಂದರೆ ವಾಟ್ಸ್‌ಆ್ಯಪಿನಲ್ಲಿ ಬಂದ ಫೈಲಿಗೆ ಮತ್ತೊಮ್ಮೆ ಅದೇ ಪಾಡು. ಆಮೇಲೆ ಗೂಗಲ್ ನಡೆಸುವ ಪ್ಲೇ ಪ್ರೊಟೆಕ್ಟ್ ಎಂಬ ಸುರಕ್ಷತಾ ತಪಾಸಣೆ. ಈ ಎಚ್ಚರಿಕೆಗಳು ಸುಮ್ಮನೆ ಇಟ್ಟವಲ್ಲ. ಮದುವೆ ಆಮಂತ್ರಣ, ಬ್ಯಾಂಕ್ ಕೆವೈಸಿ ಎಂದು ಎಪಿಕೆ ಕಳಿಸಿ ಖಾತೆ ಬರಿದು ಮಾಡುವ ವಂಚನೆ ನಿಜ. ಯಾರಾದರೂ ಎಪಿಕೆ ಕಳಿಸಿದರೆ ಒತ್ತಬೇಡಿ ಎಂದು ಮನೆಯ ಹಿರಿಯರಿಗೆ ನಾವೇ ಕಲಿಸಿದ್ದೇವೆ. ಈಗ ಅದೇ ಹಿರಿಯರಿಗೆ ತಾಳಮದ್ದಲೆ ಕೇಳಲು ಎಪಿಕೆ ಒತ್ತಿ ಎಂದು ಹೇಳಬೇಕು.

ಇದಕ್ಕಿಂತ ದೊಡ್ಡ ತೊಡಕು ಸಹಿಯದು. ಪ್ರತಿ ಆಂಡ್ರಾಯ್ಡ್ ಆ್ಯಪಿಗೂ ತಯಾರಕರ ಡಿಜಿಟಲ್ ಸಹಿ ಇರುತ್ತದೆ, ಹೊಸ ಆವೃತ್ತಿಯ ಸಹಿ ಹಳೆಯದರ ಸಹಿಯೊಂದಿಗೆ ಹೊಂದದಿದ್ದರೆ ಫೋನ್ ಅದನ್ನು ಒಪ್ಪುವುದಿಲ್ಲ. 2021ರ ಆಗಸ್ಟಿನಿಂದ ಪ್ಲೇ ಸ್ಟೋರಿಗೆ ಹೊಸ ಆ್ಯಪ್ ಹಾಕುವಾಗ ಎಪಿಕೆ ಬದಲು ಬಂಡಲ್ (ಎಪಿಕೆ ತಯಾರಿಸಲು ಬೇಕಾದ ಆ್ಯಪಿನ ಭಾಗಗಳ ಕಟ್ಟು) ಕೊಡಬೇಕು, ಗ್ರಾಹಕರಿಗೆ ಹೋಗುವ ಎಪಿಕೆಗೆ ಸಹಿ ಹಾಕುವುದು ಗೂಗಲ್. ಸಹಿ ಹಾಕಲು ಬೇಕಾದ ಗುಪ್ತ ಡಿಜಿಟಲ್ ಕೀಲಿಯನ್ನು ಗೂಗಲೇ ತಯಾರಿಸಲಿ ಎಂದು ಬಿಟ್ಟಿದ್ದರೆ, ನೀವು ನಿಮ್ಮ ಕಂಪ್ಯೂಟರಿನಲ್ಲಿ ಸಹಿ ಹಾಕಿ ಹೊರಗೆ ಹಂಚುವ ಆ್ಯಪಿಗೂ ಪ್ಲೇ ಸ್ಟೋರಿನದಕ್ಕೂ ಹೊಂದುವುದಿಲ್ಲ. ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು, ಕೇಳುಗ ಇಳಿಸಿಟ್ಟ ಪ್ರಸಂಗಗಳೆಲ್ಲ ಅಳಿಸಿಹೋಗುತ್ತವೆ. ಪರಿಹಾರ ಎರಡು. ಮುಂದಿನ ಆ್ಯಪಿಗೆ ಮೊದಲ ಬಿಡುಗಡೆಯಲ್ಲೇ ನಿಮ್ಮ ಸ್ವಂತ ಕೀಲಿಯನ್ನು ಗೂಗಲಿಗೆ ಏರಿಸಿ, ಪ್ರತಿಯನ್ನು ಎರಡು ಕಡೆ ಜೋಪಾನವಾಗಿಡಿ. ಈಗಿರುವ ಆ್ಯಪಿಗೆ, ತಯಾರಕರ ಖಾತೆಯ ಪುಟವಾದ ಪ್ಲೇ ಕನ್ಸೋಲಿನ ಬಂಡಲ್ ಎಕ್ಸ್‌ಪ್ಲೋರರ್‌ನಲ್ಲಿ ಸಹಿಯಾದ, ಎಲ್ಲ ಫೋನಿಗೂ ಹೊಂದುವ ಯೂನಿವರ್ಸಲ್ ಎಪಿಕೆ ಇಳಿಸಿಕೊಂಡು ಅದನ್ನೇ ಹೊರಗೆ ಹಂಚಿ.

ಬೇರೆ ಅಂಗಡಿಗಳ ಪೈಕಿ ಫೋನ್‌ಪೇಯವರ ಇಂಡಸ್ ಆ್ಯಪ್‌ಸ್ಟೋರ್ 2024ರ ಫೆಬ್ರವರಿ 21ರಂದು ಶುರುವಾಯಿತು. ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಿವೆ, ಯಾವ ಪಾವತಿ ವ್ಯವಸ್ಥೆಯನ್ನಾದರೂ ಜೋಡಿಸಬಹುದು. ಅಲ್ಲಿ ಹಾಕಿಡಿ, ನಷ್ಟವಿಲ್ಲ. ಆದರೆ ಆ ಅಂಗಡಿ ಪ್ಲೇ ಸ್ಟೋರಿನಲ್ಲಿ ಸಿಗುವುದಿಲ್ಲ. ಫೋನಿನ ಜೊತೆಗೇ ಬಂದಿರದಿದ್ದರೆ ಅದನ್ನು ಹಾಕಿಕೊಳ್ಳಲಿಕ್ಕೂ ಮೇಲೆ ಹೇಳಿದ ಎಚ್ಚರಿಕೆಗಳ ಸಾಲನ್ನೇ ದಾಟಬೇಕು. ಜೊತೆಗೆ ಗೂಗಲ್ 2025ರ ಆಗಸ್ಟಿನಲ್ಲಿ ಹೊಸ ನಿಯಮ ಸಾರಿತು: ಪ್ಲೇ ಸ್ಟೋರಿನ ಹೊರಗೆ ಹಂಚುವ ತಯಾರಕರೂ ತನ್ನ ಬಳಿ ಗುರುತು ನೋಂದಾಯಿಸಬೇಕು, 2026ರ ಸೆಪ್ಟೆಂಬರಿನಿಂದ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ, 2027ರಿಂದ ಉಳಿದೆಡೆ. ವಂಚಕರನ್ನು ಹಿಡಿಯಲು ಇದರಿಂದ ಅನುಕೂಲವಿದೆ ಎಂದು ಒಪ್ಪುತ್ತೇನೆ. ಹಾಗೆಯೇ ಹೊರಗಿನ ದಾರಿಯ ಗೇಟೂ ಅದೇ ಕೈಗೆ ಸೇರುತ್ತದೆ.

ವೆಬ್ ಆ್ಯಪ್, ಅಂದರೆ ಬ್ರೌಸರಿನ ಮೂಲಕವೇ ತೆರೆಯುವ ಆ್ಯಪ್, ಮಾಡಿದರೆ ಯಾರ ಅಪ್ಪಣೆಯೂ ಬೇಡ. ಐಫೋನಿನಲ್ಲೂ 2023ರ ಮಾರ್ಚಿನ ಐಓಎಸ್ 16.4ರಿಂದ ಮುಖಪುಟಕ್ಕೆ ಸೇರಿಸಿದ ವೆಬ್ ಆ್ಯಪ್ ಸೂಚನೆ ಕಳಿಸಬಲ್ಲದು. ನಿಮಗೆ ಅಡ್ಡಿಯಾಗುವುದು ನೆಟ್‌ವರ್ಕ್. ಜೋಯಿಡಾ ಕಡೆಯ, ಘಟ್ಟದ ಸೆರಗಿನ ಕೇಳುಗ ಪೇಟೆಗೆ ಬಂದಾಗ ನಾಲ್ಕು ಪ್ರಸಂಗ ಇಳಿಸಿಕೊಂಡು ತೋಟದಲ್ಲಿ ಕೇಳುವವನು. ಫೋನಿನಲ್ಲಿ ಜಾಗ ಕಡಿಮೆಯಾದರೆ ಬ್ರೌಸರ್ ತಾನು ಉಳಿಸಿದ್ದನ್ನು ಹೇಳದೇ ಅಳಿಸಬಹುದು. ಒಂದೆರಡು ಸಲ ಹೀಗಾದರೆ ಚಂದಾ ನಿಲ್ಲುತ್ತದೆ. ಆದ್ದರಿಂದ ನಿಮ್ಮ ಸರಕಿಗೆ ವೆಬ್ ಆ್ಯಪ್ ಅಂಗಡಿಯ ಆ್ಯಪಿಗೆ ಸಮನಾದ ಬದಲಿಯಲ್ಲ. ಗಡಿ ಎಳೆಯುವಾಗ ಇಂಥ ಪ್ರಾಯೋಗಿಕ ಕಾರಣಗಳೇ ತೂಕ ಹೊಂದುತ್ತವೆ.

ಈಗ ಹಣದ ಲೆಕ್ಕ, ತೆರಿಗೆ ಬಿಟ್ಟು. 1,000 ಚಂದಾದಾರರೆಂದರೆ ತಿಂಗಳಿಗೆ 99,000. ಪ್ಲೇ ಸ್ಟೋರಿನಲ್ಲಿ 2022ರ ಜನವರಿಯಿಂದ ಚಂದಾಗಳಿಗೆ 15 ಶೇಕಡಾ. ಅಂದರೆ 14,850 ಹೋಗಿ 84,150 ನಿಮ್ಮ ಕೈಗೆ. ಆ್ಯಪಲ್ ಸಾಮಾನ್ಯ ದರ 30. ವರ್ಷಕ್ಕೆ 10 ಲಕ್ಷ ಡಾಲರಿಗಿಂತ ಕಡಿಮೆ ಗಳಿಸುವವರಿಗೆ 15, ಆದರೆ ಅದಕ್ಕೆ ಅರ್ಜಿ ಹಾಕಬೇಕು. ಹಾಕಲು ಮರೆತರೆ 30 ಕತ್ತರಿಸುತ್ತದೆ. ಆಯೋಗದ ಆದೇಶದ ನಂತರ ಗೂಗಲ್ ಭಾರತದಲ್ಲಿ ಬದಲಿ ಬಿಲ್ಲಿಂಗಿಗೆ ಅವಕಾಶ ಕೊಟ್ಟಿತು, ಗ್ರಾಹಕ ಅದನ್ನು ಆರಿಸಿದರೆ ಕಮಿಷನ್ನಿನಲ್ಲಿ 4 ಅಂಶ ಕಡಿತ. 15ರ ಜಾಗದಲ್ಲಿ 11, ಅಂದರೆ 3,960 ಉಳಿತಾಯ. ಅದರಲ್ಲಿ ಹಣ ವಸೂಲು ಮಾಡಿಕೊಡುವ ಪೇಮೆಂಟ್ ಗೇಟ್‌ವೇಗೆ 2 ಶೇಕಡಾ ಹೋದರೆ 1,980 ಕಳೆದು ನಿಮಗೆ ಸಿಗುವುದು 1,980. ಎರಡು ಬಿಲ್ಲಿಂಗ್ ವ್ಯವಸ್ಥೆ ಜೋಡಿಸಿ, ತಿಂಗಳು ತಿಂಗಳು ಲೆಕ್ಕ ಒಪ್ಪಿಸುವ ಶ್ರಮಕ್ಕೆ ಇದು ಸಾಲದು. ಆಡಿಯೊ ಆ್ಯಪ್ ಕುಕು ಎಫ್‌ಎಂ ನಡೆಸುವ ಕಂಪನಿಯೂ ಸೇರಿ ಹಲವರು ದೂರಿದ್ದು ಈ ಬದಲಿ ಬಿಲ್ಲಿಂಗಿನ ಬಗ್ಗೆಯೇ, 2024ರ ಮಾರ್ಚ್ 15ರಂದು ಆಯೋಗ ತನಿಖೆಗೆ ಆದೇಶಿಸಿದ್ದೂ ಅದಕ್ಕೇ.

ನಿಮಗೆ ನಾನು ಹೇಳುವ ದಾರಿ ಬೇರೆ. ಆ್ಯಪಿನಿಂದ ಮಾರಾಟವನ್ನೇ ತೆಗೆಯಿರಿ. ಚಂದಾ ಕಟ್ಟುವುದು ನಿಮ್ಮ ವೆಬ್‌ಸೈಟಿನಲ್ಲಿ, ಯುಪಿಐ ಮೂಲಕ. ಆ್ಯಪಿನಲ್ಲಿ ಲಾಗಿನ್ ಮತ್ತು ಕೇಳುವುದು ಮಾತ್ರ. ಹೊರಗೆ ಹಣ ಕಟ್ಟಿದವರು ಒಳಗೆ ಬಂದು ಕೇಳುವುದಕ್ಕೆ ಪ್ಲೇ ಸ್ಟೋರಿನಲ್ಲಿ ಅವಕಾಶವಿದೆ. ಆ್ಯಪಲ್ ಕೂಡ ಪುಸ್ತಕ, ಪತ್ರಿಕೆ, ಆಡಿಯೊ, ವಿಡಿಯೊ ಆ್ಯಪ್‌ಗಳಿಗೆ ಇದನ್ನು ಒಪ್ಪುತ್ತದೆ. ಕಮಿಷನ್ ಇಲ್ಲ. ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಆ್ಯಪ್ ಒಳಗೆ ಎಲ್ಲಿಯೂ ದರ, ಕೊಂಡಿ, ‘ವೆಬ್‌ಸೈಟಿನಲ್ಲಿ ಚಂದಾ ಕಟ್ಟಿ’ ಎಂಬ ಸಾಲು ಇರಬಾರದು. ಸಹಾಯದ ಪುಟದಲ್ಲಿ ಉಳಿದುಹೋದ ಹಳೆಯ ಕೊಂಡಿಯೂ ಸಾಕು ತಿರಸ್ಕಾರಕ್ಕೆ. ಎರಡು, ಪರಿಶೀಲಕರಿಗೆ ಒಳಹೋಗಲು ಕೆಲಸ ಮಾಡುವ ಹೆಸರು, ಪಾಸ್‌ವರ್ಡ್ ಕೊಡಬೇಕು. ನಿಮ್ಮ ಲಾಗಿನ್ ಓಟಿಪಿಯದಾದರೆ ಆ ಓಟಿಪಿ ನಿಮ್ಮ ಫೋನಿಗೆ ಬರುತ್ತದೆ, ಅವರು ಹೊರಗೇ ನಿಲ್ಲುತ್ತಾರೆ, ಆವೃತ್ತಿ ವಾಪಸ್. ಪರೀಕ್ಷೆಗೆಂದೇ ಬದಲಾಗದ ಸಂಖ್ಯೆಯ ಒಂದು ಖಾತೆ ಇಡಿ.

ಆ್ಯಪಿನ ಹೊರಗೆ ಹೇಳಲು ತಡೆಯಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೇಳಿ, ಇಮೇಲಿನಲ್ಲಿ ಹೇಳಿ, ಆಟದ ದಿನ ಟಿಕೆಟ್ ಕೌಂಟರಿನ ಪಕ್ಕ ಕ್ಯೂಆರ್ ಬೋರ್ಡ್ ನಿಲ್ಲಿಸಿ. ಗೇಟ್‌ವೇ ಖರ್ಚು ಕಳೆದು ಒಬ್ಬರಿಂದ 97.02 ರೂಪಾಯಿ ಉಳಿಯುತ್ತದೆ. ಅಂಗಡಿಯ ಬಿಲ್ಲಿಂಗಿನಲ್ಲಿ ಸಾವಿರ ಜನರಿಂದ ಬರುತ್ತಿದ್ದ 84,150ಕ್ಕೆ ಸರಿಗಟ್ಟಲು ಇಲ್ಲಿ 868 ಮಂದಿ ಬೇಕು. ದಾರಿ ಕಾಣದೆ 132ಕ್ಕಿಂತ ಹೆಚ್ಚು ಜನ ಹಿಂದೆ ಉಳಿದರೆ ನಿಮಗೇ ನಷ್ಟ. ದಾರಿ ಏಕೆ ಕಾಣುವುದಿಲ್ಲವೆಂದರೆ, ಕೇಳುಗ ನಿಂತಿರುವ ಜಾಗದಲ್ಲೇ, ಆ್ಯಪಿನೊಳಗೆ, ನೀವು ಬಾಯಿ ಬಿಡುವಂತಿಲ್ಲ. 15 ಶೇಕಡಾ ದರವನ್ನು ಹಿಡಿದು ನಿಲ್ಲಿಸಿರುವುದು ಈ ಮೌನ. ದರ ಹೆಚ್ಚೋ ಕಡಿಮೆಯೋ ಎಂದು ವಾದಿಸಬಹುದು. ನಿಮ್ಮ ಗ್ರಾಹಕರಿಗೆ ನಿಮ್ಮದೇ ಸರಕಿನ ಬೆಲೆ ಹೇಳಬೇಡಿ ಎನ್ನುವುದಕ್ಕೆ ಮಾತ್ರ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ಏಕಸ್ವಾಮ್ಯದ ಗುರುತು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ದೂರಿನ ವಿಷಯ. ಸ್ಪರ್ಧಾ ಕಾಯ್ದೆಯ 19ನೇ ಕಲಂ ಅಡಿ ಯಾರು ಬೇಕಾದರೂ ಆಯೋಗಕ್ಕೆ ಮಾಹಿತಿ ಸಲ್ಲಿಸಬಹುದು. ನೇರವಾಗಿ ನಷ್ಟವಾದವರೇ ಆಗಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಹೇಳಿದೆ. ವ್ಯಕ್ತಿಗೆ, ನೋಂದಾಯಿತ ಸಹಕಾರಿ ಸಂಘಕ್ಕೆ, ಟ್ರಸ್ಟಿಗೆ ಶುಲ್ಕ 5,000 ರೂಪಾಯಿ. ಕಂಪನಿಯ ಹೆಸರಿನಲ್ಲಾದರೆ ವಹಿವಾಟು ನೋಡಿ ಹೆಚ್ಚು. ಆದರೆ ಮೊದಲೇ ತೀರ್ಮಾನವಾದಂಥದ್ದೇ ಸಂಗತಿ, ಅದೇ ಪ್ರಶ್ನೆ ಎಂದು ಕಂಡರೆ ಆಯೋಗ ವಿಚಾರಣೆಗೆ ತೆಗೆದುಕೊಳ್ಳದೇ ಇರಬಹುದು. ನಿಮ್ಮ ಪ್ರಶ್ನೆ ಈಗಾಗಲೇ ತನಿಖೆಯಲ್ಲೂ ಸುಪ್ರೀಂ ಕೋರ್ಟಿನಲ್ಲೂ ಇದೆ. ಗೆದ್ದರೂ ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮ್ಮ ನಷ್ಟಕ್ಕೆ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಬೇರೆಯೇ ಪರಿಹಾರದ ಅರ್ಜಿ ಹಾಕಬೇಕು. ಹಾಗಾಗಿ ಈಗಲೇ ದೂರಿಗೆ ಹಣ ಹಾಕಬೇಡಿ, ವೆಬ್‌ಸೈಟ್ ಸರಿ ಮಾಡಿಕೊಳ್ಳಿ.

ಕಾಗದಗಳನ್ನು ಮಾತ್ರ ಇಂದೇ ಜೋಡಿಸಿಡಿ. 2023ರ ತಿದ್ದುಪಡಿಯಿಂದ ಮಾಹಿತಿ ಸಲ್ಲಿಸಲು ಮೂರು ವರ್ಷದ ಗಡುವಿದೆ, ಅದು ಎಣಿಕೆಯಾಗುವುದು ತಕರಾರು ಹುಟ್ಟಿದ ದಿನದಿಂದ. ತಿರಸ್ಕಾರದ ಇಮೇಲನ್ನು ಪೂರ್ತಿಯಾಗಿ, ಆ ದಿನದ ನಿಯಮದ ಪುಟವನ್ನು ದಿನಾಂಕ ಸಹಿತ ಪಿಡಿಎಫ್ ಆಗಿ, ಕ್ಯೂಆರ್ ಇದ್ದ ಪರದೆಯ ಚಿತ್ರವನ್ನು, ಪ್ರತಿ ತಿಂಗಳ ಕಮಿಷನ್ ಬಿಲ್ಲನ್ನು, ಕ್ಯೂಆರ್ ತೆಗೆಯುವ ಮುಂಚಿನ ಮತ್ತು ನಂತರದ ಚಂದಾದಾರರ ಸಂಖ್ಯೆಯನ್ನು ಒಂದು ಕಡತದಲ್ಲಿಡಿ. ನಿಯಮದ ಪುಟವನ್ನು ಮೊದಲು ಉಳಿಸಿಕೊಳ್ಳಿ. ಅಂಗಡಿಯವರು ಅದನ್ನು ಬದಲಿಸುತ್ತಲೇ ಇರುತ್ತಾರೆ, ಹಳೆಯದು ಆಮೇಲೆ ಅದೇ ಜಾಗದಲ್ಲಿ ಸಿಗುವುದಿಲ್ಲ.